ಸೆಕೆಂಡ್ ಹ್ಯಾಂಡ್ ಡಿಸ್ಕ್ ಕೊಂಡರೂ ಗೇಮ್ ಮಾಡಿದವರಿಗೆ ಸೊನ್ನೆ, ಕ್ರ್ಯಾಕ್ ಹಾಕಿದರೂ ಸೊನ್ನೆ. ಹಾಗಾದರೆ ವ್ಯತ್ಯಾಸ ಏನು?

ಕ್ಯಾಸೆಟ್ ಊದುವವ · ಸೋಮವಾರ ರಾತ್ರಿ 9.40

ನಿನ್ನೆ ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದೆ. ದಾರಿಯಲ್ಲಿ ಜಯನಗರದ ಒಬ್ಬ ಹುಡುಗನ ಹತ್ತಿರ ಪಿಎಸ್4 (ಸೋನಿಯ ಪ್ಲೇಸ್ಟೇಷನ್) ಗೇಮಿನ ಡಿಸ್ಕ್ ತಗೊಂಡೆ. ಸೆಕೆಂಡ್ ಹ್ಯಾಂಡ್, 900 ರೂಪಾಯಿ. ಹೊಸದಾಗಿ ಬಂದಾಗ ಅದರ ಬೆಲೆ 3,999 ಇತ್ತು. ಒಂದು ಗೀರೂ ಇಲ್ಲ. ಖುಷಿಯಲ್ಲಿ ಅಕ್ಕನ ಮಗನಿಗೆ ತೋರಿಸಿದೆ. ಪಿಯುಸಿ ಓದುತ್ತಿದ್ದಾನೆ. "ಇದಾ? ಇದನ್ನ ನಾನು ಹೋದ ವರ್ಷವೇ ಮುಗಿಸಿದೆ" ಅಂದ. ಕಂಪ್ಯೂಟರಿನಲ್ಲಿ, ಕ್ರ್ಯಾಕ್ ಹಾಕಿ, ಅಂದರೆ ಬೀಗ ಮುರಿದ ಕಳ್ಳ ಪ್ರತಿಯನ್ನು ಪುಕ್ಕಟೆ ಇಳಿಸಿಕೊಂಡು.

ಮಾಮ ಅಂದ ಮೇಲೆ ಬುದ್ಧಿ ಹೇಳಬೇಕಲ್ಲ. ನೂರಾರು ಜನ ವರ್ಷಗಟ್ಟಲೆ ದುಡಿದಿರುತ್ತಾರೆ, ಕದ್ದು ಆಡಬಾರದು ಅಂತ ಶುರು ಮಾಡಿದೆ. ಅವನು ತಟ್ಟೆಯಿಂದ ತಲೆ ಎತ್ತದೆ ಕೇಳಿದ. "ಮಾಮ, ನೀನು ಕೊಟ್ಟ 900ರಲ್ಲಿ ಅವರಿಗೆ ಎಷ್ಟು ಹೋಯ್ತು?"

ಏನೂ ಇಲ್ಲ ಅಂದೆ.

"ನಾನು ಕೊಟ್ಟಿದ್ದೂ ಅಷ್ಟೇ."

ಅಕ್ಕ ಸಾರು ಬಡಿಸುವುದನ್ನು ನಿಲ್ಲಿಸಿ ನಕ್ಕಳು. ಭಾವನೂ ನಕ್ಕರು. ನನಗೆ ಉತ್ತರ ಹೊಳೆಯಲಿಲ್ಲ, ಇನ್ನೂ ಹೊಳೆದಿಲ್ಲ. ಎರಡೂ ಒಂದೇ ಅಲ್ಲ ಅಂತ ಗಟ್ಟಿಯಾಗಿ ಅನ್ನಿಸುತ್ತದೆ, ಆದರೆ ಯಾಕೆ ಅಂತ ಹೇಳಲು ಬರುತ್ತಿಲ್ಲ. "ಕಾನೂನು ಹಾಗಿದೆ" ಅನ್ನುವ ಉತ್ತರ ಬೇಡ, ಅವನು ಒಪ್ಪುವುದಿಲ್ಲ. ಬೇರೆ ಏನಾದರೂ ಇದ್ದರೆ ಹೇಳಿ.

ಸುಮ್ನೆ ನೋಡ್ತಿದ್ದೆ · ರಾತ್ರಿ 9.46

ಹುಡುಗನನ್ನು ಲಾ ಓದಿಸಿ.

ಅರ್ಧರಾತ್ರಿ ಲೆವೆಲ್ · ರಾತ್ರಿ 10.15

ನಾನು ನಿಮ್ಮ ಅಕ್ಕನ ಮಗನ ಪಕ್ಷ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ.

ನಾನು ಹಾಸ್ಟೆಲಿನಲ್ಲಿರುವವನು. ಪಿಎಸ್5 ಬಂದಾಗ ದೊಡ್ಡ ಗೇಮ್‌ಗಳ ಬೆಲೆ 4,999ಕ್ಕೆ ಹೋಯಿತು. ನನ್ನ ತಿಂಗಳ ಮೆಸ್ ಬಿಲ್ಲು ಅಷ್ಟಿಲ್ಲ. ನಾನು ಆ ಗೇಮನ್ನು ಯಾವ ಕಾರಣಕ್ಕೂ ಕೊಳ್ಳುತ್ತಿರಲಿಲ್ಲ. ಹಾಗಾಗಿ ನಾನು ಇಳಿಸಿಕೊಂಡರೂ ಕಂಪನಿಗೆ ಆದ ನಷ್ಟ ಏನೂ ಇಲ್ಲ. ನಿಮ್ಮ ಕೈಯಲ್ಲಿ 900 ರೂಪಾಯಿ ಇತ್ತು. ಗೇಮಿಗೆ ಖರ್ಚು ಮಾಡುವ ಮನಸ್ಸೂ ಇತ್ತು. ಇನ್ನು ಆರು ತಿಂಗಳು ಕಾದು ಸೇಲ್‌ನಲ್ಲಿ ಹೊಸದನ್ನೇ ಕೊಳ್ಳಬಹುದಿತ್ತು. ಆ ದುಡ್ಡನ್ನು ನೀವು ಬೇರೆಯವನಿಗೆ ಕೊಟ್ಟಿರಿ. ಲೆಕ್ಕ ಹಾಕಿದರೆ ಕಂಪನಿಗೆ ಜಾಸ್ತಿ ನಷ್ಟ ಮಾಡಿದ್ದು ನೀವೇ ಅಲ್ವಾ?

ಪಾಲಿಗಾನ್ · ರಾತ್ರಿ 11.02

ನಾನು ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಆರ್ಟಿಸ್ಟ್. ಹೊರದೇಶದ ಗೇಮ್‌ಗಳಿಗೆ ಕಾರು, ಕಟ್ಟಡ, ಮರ, ಕಲ್ಲು ಎಲ್ಲ ಮಾಡಿಕೊಡುತ್ತೇವೆ. ಈ ಊರಿಗೆ ಈ ಕೆಲಸ ಹೊಸದಲ್ಲ. ಧ್ರುವ ಇಂಟರಾಕ್ಟಿವ್ 1997ರಲ್ಲೇ ಇಲ್ಲಿ ಶುರುವಾಯಿತು. 2019ರಲ್ಲಿ ಅದನ್ನು ಜಿಟಿಎ ಗೇಮ್‌ಗಳನ್ನು ಮಾಡುವ ರಾಕ್‌ಸ್ಟಾರ್ ಕೊಂಡುಕೊಂಡಿತು. ನೀವು ಆಡುವ ಎಷ್ಟೋ ಗೇಮಿನ ಗೋಡೆಗೆ ಬಣ್ಣ ಬಳಿದವರು ನಿಮ್ಮ ಬಸ್ಸಿನಲ್ಲೇ ಓಡಾಡುತ್ತಿರಬಹುದು.

ಮೊದಲು ಒಂದು ಮಾತು ಒಪ್ಪಿಕೊಳ್ಳುತ್ತೇನೆ. ನನಗೆ ಬರುವುದು ಸಂಬಳ. ನೀವು ಹೊಸ ಡಿಸ್ಕ್ ಕೊಂಡರೂ ನನ್ನ ಖಾತೆಗೆ ಹತ್ತು ರೂಪಾಯಿ ಜಾಸ್ತಿ ಬರುವುದಿಲ್ಲ. "ಕಲಾವಿದರ ಹೊಟ್ಟೆ ಮೇಲೆ ಹೊಡೀತೀರಾ" ಅಂತ ಕಂಪನಿಗಳು ನಮ್ಮ ಹೆಸರು ಹೇಳಿ ಅಳುವುದನ್ನು ನೋಡಿದರೆ ನನಗೇ ನಗು ಬರುತ್ತದೆ.

ಆದರೆ "ನಾನು ಹೇಗೂ ಕೊಳ್ಳುತ್ತಿರಲಿಲ್ಲ" ಅನ್ನುವುದನ್ನು ಅಷ್ಟು ಸುಲಭವಾಗಿ ಬಿಡಲಾರೆ. 2013ರಲ್ಲಿ ಗ್ರೀನ್‌ಹಾರ್ಟ್ ಗೇಮ್ಸ್ ಅಂತ ಇಬ್ಬರು ಅಣ್ಣತಮ್ಮಂದಿರ ಪುಟ್ಟ ಕಂಪನಿ ಒಂದು ಗೇಮ್ ತಂತು, ಗೇಮ್ ಡೆವ್ ಟೈಕೂನ್ ಅಂತ. ಅದರಲ್ಲಿ ನೀವೇ ಗೇಮ್ ಕಂಪನಿ ನಡೆಸಬೇಕು. ಬಿಡುಗಡೆಯ ದಿನ ಅವರೇ ಒಂದು ಕ್ರ್ಯಾಕ್ ಆದ ಪ್ರತಿಯನ್ನು ಕಳ್ಳ ಪ್ರತಿ ಹಂಚುವ ಟೊರೆಂಟ್ ಸೈಟಿಗೆ ಬಿಟ್ಟರು. ಅದರಲ್ಲಿ ಒಂದು ತಿರುವು ಇಟ್ಟಿದ್ದರು. ಸ್ವಲ್ಪ ದೂರ ಆಡಿದ ಮೇಲೆ ನಿಮ್ಮ ಗೇಮನ್ನು ಎಲ್ಲರೂ ಪೈರೇಟ್ ಮಾಡಲು ಶುರು ಮಾಡುತ್ತಾರೆ, ನಿಮ್ಮ ಕಂಪನಿ ದಿವಾಳಿಯಾಗುತ್ತದೆ. ಕದ್ದು ಆಡುತ್ತಿದ್ದ ಕೆಲವರು ಆನ್‌ಲೈನಲ್ಲಿ ಬಂದು, ಈ ಪೈರಸಿ ತಡೆಯಲು ಗೇಮಿನಲ್ಲಿ ಏನಾದರೂ ಉಪಾಯ ಇದೆಯಾ ಅಂತ ಗೋಳಾಡಿದರು!

ಮೊದಲ ದಿನದ ಲೆಕ್ಕವನ್ನು ಅವರೇ ಹೇಳಿದರು. ದುಡ್ಡು ಕೊಟ್ಟವರು 214 ಜನ. ಕ್ರ್ಯಾಕ್ ಆಡಿದವರು 3,104. ಅಂದರೆ ಶೇ. 93.6. ಗೇಮಿನ ಬೆಲೆ ಸುಮಾರು 8 ಡಾಲರ್, 4,999 ರೂಪಾಯಿ ಅಲ್ಲ. ಆ 3,104 ಜನರಲ್ಲಿ ಒಬ್ಬರೂ ಕೊಳ್ಳುತ್ತಿರಲಿಲ್ಲ ಅಂತ ನಂಬಲು ನನಗೆ ಆಗುವುದಿಲ್ಲ.

ಅರ್ಧರಾತ್ರಿ ಲೆವೆಲ್ · ರಾತ್ರಿ 11.20

ಆ ಕಥೆ ಗೊತ್ತು ಮೇಡಂ. ಆ ಕಥೆಯಿಂದಲೇ ಅವರ ಗೇಮ್ ಊರೆಲ್ಲ ಗೊತ್ತಾಯಿತು ಅನ್ನುವುದನ್ನೂ ಸೇರಿಸಿ. ಇನ್ನೊಂದು. ಯುರೋಪಿಯನ್ ಯೂನಿಯನ್ ದುಡ್ಡು ಕೊಟ್ಟು ಮಾಡಿಸಿದ ದೊಡ್ಡ ಅಧ್ಯಯನ 2017ರಲ್ಲಿ ಹೊರಬಂತು. ಹೊಸ ದೊಡ್ಡ ಸಿನಿಮಾಗಳನ್ನು ಬಿಟ್ಟರೆ, ಪೈರಸಿಯಿಂದ ಮಾರಾಟ ಕಡಿಮೆಯಾಗುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಅದರಲ್ಲಿ ಸಿಗಲಿಲ್ಲ.

ಪಾಲಿಗಾನ್ · ರಾತ್ರಿ 11.31

2024ರಲ್ಲಿ ಇನ್ನೊಂದು ಬಂತು, ಅದನ್ನೂ ಓದಿ. ಡೆನುವೋ ಅನ್ನುವ, ನಕಲು ತಡೆಯುವ ಬೀಗ ಹಾಕಿದ ಪಿಸಿ ಗೇಮ್‌ಗಳನ್ನು ನೋಡಿದ್ದರು. ಬಿಡುಗಡೆಯಾದ ಮೊದಲ ವಾರದಲ್ಲೇ ಕ್ರ್ಯಾಕ್ ಆದರೆ ಆದಾಯ ಸರಾಸರಿ ಶೇ. 20ರಷ್ಟು ಇಳಿಯುತ್ತದೆ. ಹನ್ನೆರಡು ವಾರ ಕಳೆದ ಮೇಲೆ ಆದರೆ ಹೆಚ್ಚುಕಡಿಮೆ ಏನೂ ಆಗುವುದಿಲ್ಲ. ಹಳೇ ಗೇಮ್ ಬೇರೆ, ಹೊಸ ಗೇಮ್ ಬೇರೆ. ನಿಮ್ಮಂಥವರು ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತೀರಿ.

ನ್ಯಾಷನಲ್ ಮಾರ್ಕೆಟ್ ಹಳಬ · ಮಂಗಳವಾರ ಬೆಳಿಗ್ಗೆ 7.10

ಬೆಳಿಗ್ಗೆ ಎದ್ದು ನೋಡಿದರೆ ನನ್ನ ಹಳೇ ಪಾಪದ ಬಗ್ಗೆಯೇ ಮಾತು.

ಮೆಜೆಸ್ಟಿಕ್ ಹತ್ತಿರದ ನ್ಯಾಷನಲ್ ಮಾರ್ಕೆಟ್ ಗೊತ್ತಿರುವವರಿಗೆ ಜಾಸ್ತಿ ಹೇಳಬೇಕಾಗಿಲ್ಲ. ಪಿಎಸ್2 ಕಾಲದಲ್ಲಿ ಅಲ್ಲಿ ಒಂದು ಅಂಗಡಿಯಲ್ಲಿ ಮೂರು ವರ್ಷ ಕೆಲಸಕ್ಕಿದ್ದೆ. ಬಂದ ಹತ್ತು ಜನರಲ್ಲಿ ಒಂಬತ್ತು ಜನ ಮೊದಲು ಕೇಳುತ್ತಿದ್ದ ಮಾತು: "ಚಿಪ್ ಹಾಕಿದೆಯಾ?" ಚಿಪ್ ಹಾಕಿದರೆ ಮಾತ್ರ ನಕಲಿ ಡಿವಿಡಿ ಓಡುತ್ತದೆ. ಡಿವಿಡಿ ನೂರು ರೂಪಾಯಿ, ಚೌಕಾಸಿ ಮಾಡಿದರೆ ಎಂಬತ್ತು, ನಾಲ್ಕು ತಗೊಂಡರೆ ಇನ್ನೂ ಕಡಿಮೆ. ಓಡದಿದ್ದರೆ ಬದಲಾಯಿಸಿಕೊಡುತ್ತಿದ್ದೆವು. ನಮ್ಮ ಕಳ್ಳ ಮಾಲಿಗೂ ಗ್ಯಾರಂಟಿ ಇತ್ತು. ಒರಿಜಿನಲ್ ಡಿಸ್ಕ್ ಅಂಗಡಿಯಲ್ಲಿ ಎರಡೋ ಮೂರೋ ಇರುತ್ತಿದ್ದವು, ಗಾಜಿನೊಳಗೆ, ದೇವರ ಫೋಟೋ ಪಕ್ಕದಲ್ಲಿ. ಅವನ್ನು ಯಾರೂ ಮುಟ್ಟುತ್ತಿರಲಿಲ್ಲ.

ನಾನು ಹೇಳಬೇಕೆಂದಿದ್ದು ಇಷ್ಟು. ಆಗ ಗಿರಾಕಿಗಳು ದುಡ್ಡು ಕೊಡುತ್ತಿದ್ದರು. ಪುಕ್ಕಟೆ ಏನೂ ಆಡುತ್ತಿರಲಿಲ್ಲ. ಎಂಬತ್ತು ರೂಪಾಯಿ ಕೊಟ್ಟ ಹುಡುಗ ತಾನು ಗೇಮ್ "ಕೊಂಡೆ" ಅಂತಲೇ ಮನೆಗೆ ಹೋಗುತ್ತಿದ್ದ. ಅವನ ಅಪ್ಪನೂ ಹಾಗೇ ಅಂದುಕೊಳ್ಳುತ್ತಿದ್ದರು. ಆ ಎಂಬತ್ತರಲ್ಲಿ ನಮ್ಮ ಬಾಡಿಗೆ, ನನ್ನ ಸಂಬಳ, ಸಾಹುಕಾರರ ಲಾಭ. ಗೇಮ್ ಮಾಡಿದವನಿಗೆ ಸೊನ್ನೆ. ಹಾಗಾಗಿ ದುಡ್ಡು ಕೊಟ್ಟೆ, ಆದ್ದರಿಂದ ನಾನು ಸಾಚಾ ಅನ್ನುವುದು ನಡೆಯುವುದಿಲ್ಲ. 900 ಕೊಟ್ಟವರೂ ಅದನ್ನು ಹೇಳಬೇಡಿ. ಅದು ಉತ್ತರ ಅಲ್ಲ.

ಕರಿಕೋಟು · ಮಂಗಳವಾರ ಬೆಳಿಗ್ಗೆ 10.48

ಕಾನೂನು ಬೇಡ ಅಂದಿದ್ದೀರಿ. ಕ್ಷಮಿಸಿ, ಹೇಳಿಯೇ ಹೇಳುತ್ತೇನೆ. ಯಾಕಂದರೆ ಈ ಕಾನೂನು ಬಂದ ದಾರಿಯಲ್ಲೇ ನಿಮ್ಮ ಪ್ರಶ್ನೆಗೆ ಉತ್ತರ ಇರಬಹುದು.

ನಾನು ಲಾ ಓದುವಾಗ ಪುಸ್ತಕಗಳೆಲ್ಲ ಅವೆನ್ಯೂ ರೋಡಿನ ಹಳೇ ಪುಸ್ತಕದ ಅಂಗಡಿಯವು. ಯಾರೋ ಅಡಿಗೆರೆ ಹಾಕಿದ, ಮೊದಲ ಪುಟದಲ್ಲಿ ಯಾರದೋ ಹೆಸರಿದ್ದ ಪುಸ್ತಕಗಳು. ಅದನ್ನು ಯಾರಾದರೂ ಕಳ್ಳತನ ಅಂದಿದ್ದಾರಾ? ಇಲ್ಲ. ಆದರೆ ಹಾಗೆ ಅನ್ನಿಸಬೇಕು ಅಂತ ಪ್ರಕಾಶಕರು ನೂರು ವರ್ಷದ ಹಿಂದೆಯೇ ಪ್ರಯತ್ನ ಮಾಡಿದ್ದರು. ಅಮೆರಿಕದಲ್ಲಿ ಬಾಬ್ಸ್-ಮೆರಿಲ್ ಅನ್ನುವ ಪ್ರಕಾಶನದವರು ಒಂದು ಕಾದಂಬರಿಯ ಒಳಪುಟದಲ್ಲೇ ಅಚ್ಚು ಹಾಕಿದರು: ಇದನ್ನು ಒಂದು ಡಾಲರಿಗಿಂತ ಕಡಿಮೆಗೆ ಮಾರಿದರೆ ಕಾಪಿರೈಟ್ ಉಲ್ಲಂಘನೆ. ಮೇಸೀಸ್ ಅಂಗಡಿಯವರು 89 ಸೆಂಟಿಗೆ ಮಾರಿದರು. 1908ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು: ಒಮ್ಮೆ ಮಾರಿದ ಮೇಲೆ ಆ ಪ್ರತಿಯ ಮೇಲೆ ನಿಮ್ಮ ಹಿಡಿತ ಮುಗಿಯಿತು.

"ಆ ಪ್ರತಿ" ಅನ್ನುವುದನ್ನು ಗಮನಿಸಿ. ಲೇಖಕನ ಕೈಯಲ್ಲಿ ಉಳಿಯುವುದು ಹೊಸ ಪ್ರತಿ ಮಾಡುವ ಹಕ್ಕು. ಕೊಂಡವನ ಕೈಗೆ ಬರುವುದು ಆ ಒಂದು ವಸ್ತು. ಅವನು ಅದನ್ನು ಓದಲಿ, ಮಾರಲಿ, ತಂಗಿಗೆ ಕೊಡಲಿ. ಸೆಕೆಂಡ್ ಹ್ಯಾಂಡ್‌ನಲ್ಲಿ ಪ್ರತಿಗಳ ಲೆಕ್ಕ ಬದಲಾಗುವುದಿಲ್ಲ. ಕ್ರ್ಯಾಕ್‌ನಲ್ಲಿ ಪ್ರತಿ ಒಂದಿದ್ದದ್ದು ಎರಡಾಗುತ್ತದೆ, ರಾತ್ರಿ ಕಳೆಯುವುದರೊಳಗೆ ಎರಡು ಲಕ್ಷವಾಗುತ್ತದೆ.

ನಮ್ಮ ದೇಶದ್ದೂ ಹೇಳಿಬಿಡುತ್ತೇನೆ, ಹುಡುಗರಿಗೆ ಗೊತ್ತಿರಲಿ. 1957ರ ಕಾಪಿರೈಟ್ ಕಾಯ್ದೆಯ 63ಬಿ ಕಲಂ. ಕಂಪ್ಯೂಟರ್ ಪ್ರೋಗ್ರಾಮಿನ ನಕಲಿ ಪ್ರತಿ ಅಂತ ಗೊತ್ತಿದ್ದೂ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ವ್ಯಾಪಾರಕ್ಕೆ ಬಳಸಿಲ್ಲದಿದ್ದರೆ ಜೈಲು ಬಿಟ್ಟು 50 ಸಾವಿರದವರೆಗೆ ದಂಡ ಮಾತ್ರ ಹಾಕಲು ಕೋರ್ಟಿಗೆ ಅವಕಾಶವಿದೆ. ಹಾಸ್ಟೆಲ್ ರೂಮಿಗೆ ಪೊಲೀಸರು ಬಂದಿದ್ದು ನಾನಂತೂ ನೋಡಿಲ್ಲ. ನ್ಯಾಷನಲ್ ಮಾರ್ಕೆಟ್‌ನವರೇ, ನಿಮಗೆ ಬೇರೆ ಇದೆ. ಕರ್ನಾಟಕದ 1985ರ ಗೂಂಡಾ ಕಾಯ್ದೆಯ ಪಟ್ಟಿಯಲ್ಲಿ ವಿಡಿಯೋ, ಆಡಿಯೋ ಪೈರಸಿ ಮಾಡುವವರನ್ನೂ ಸೇರಿಸಿದ್ದಾರೆ.

ನ್ಯಾಷನಲ್ ಮಾರ್ಕೆಟ್ ಹಳಬ · ಬೆಳಿಗ್ಗೆ 10.55

ಸಾರ್, ನಾನು ಈಗ ಮೊಬೈಲ್ ಕವರ್ ಮಾರುತ್ತೇನೆ.

ಅರ್ಧರಾತ್ರಿ ಲೆವೆಲ್ · ಬೆಳಿಗ್ಗೆ 11.30

ಸಾರ್, ಅವೆನ್ಯೂ ರೋಡಿನಲ್ಲಿ ಸಿಗದ ಪುಸ್ತಕವನ್ನು ಏನು ಮಾಡುತ್ತಿದ್ದಿರಿ? ಝೆರಾಕ್ಸ್ ತಾನೇ? ನಮ್ಮ ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿ ಬಾಗಿಲು ಹಾಕಿದರೆ ಅರ್ಧ ಕ್ಲಾಸ್ ಫೇಲ್.

ಕರಿಕೋಟು · ಮಧ್ಯಾಹ್ನ 1.15

ಸಿಕ್ಕಿಬಿದ್ದೆ. ಮಾಡಿಸಿದ್ದೇನೆ, ಸ್ಪೈರಲ್ ಬೈಂಡಿಂಗ್ ಸಮೇತ. ದೆಹಲಿ ವಿಶ್ವವಿದ್ಯಾಲಯದ ಝೆರಾಕ್ಸ್ ಅಂಗಡಿಯ ಮೇಲೆ ದೊಡ್ಡ ಪ್ರಕಾಶಕರು ಹಾಕಿದ ಕೇಸನ್ನು ದೆಹಲಿ ಹೈಕೋರ್ಟ್ 2016ರಲ್ಲಿ ವಜಾ ಮಾಡಿತು ಅಂತ ಸಮಾಧಾನ ಮಾಡಿಕೊಳ್ಳಬಹುದು. ಆದರೆ ಅದು ಪಾಠಕ್ಕೆ ಬೇಕಾದ ಪುಟಗಳ ವಿಷಯ. ನೀನು ರಾತ್ರಿ ಆಡುವ ಗೇಮ್ ಯಾವ ಸೆಮಿಸ್ಟರಿನ ಪಠ್ಯ, ಹೇಳು?

ಒಸಾಕಾ ಕನ್ನಡಿಗ · ಮಂಗಳವಾರ ಮಧ್ಯಾಹ್ನ 2.05

ಇಲ್ಲಿಯ ಕಥೆ ಹೇಳುತ್ತೇನೆ. ನಾನಿರುವುದು ಒಸಾಕಾ. ನಿಪ್ಪೊಂಬಾಶಿಯ ಡೆನ್‌ಡೆನ್ ಟೌನ್‌ಗೆ ಶನಿವಾರ ಹೋದರೆ ಸಾಯಂಕಾಲವೇ ವಾಪಸ್. ಹಳೇ ಗೇಮ್ ಅಂಗಡಿಗಳು ಸಾಲಾಗಿವೆ. ಒಂದೊಂದು ಡಬ್ಬಿಯ ಮೇಲೂ ಚೀಟಿ ಇರುತ್ತದೆ: ಒಳಗಿನ ಪುಸ್ತಿಕೆ ಇದೆ, ಮೂಲೆ ಸವೆದಿದೆ, ಡಿಸ್ಕಿನ ಹಿಂದೆ ಸಣ್ಣ ಗೀರು. ಸೆಕೆಂಡ್ ಹ್ಯಾಂಡ್ ಅಂದರೆ ಇಲ್ಲಿ ಯಾರಿಗೂ ಮುಜುಗರ ಇಲ್ಲ.

ಆದರೆ ಇದು ಸುಮ್ನೆ ಸಿಕ್ಕಿದ್ದಲ್ಲ. ಗೇಮ್ ಕಂಪನಿಗಳು ಹಳೇ ಗೇಮ್ ಮಾರುವ ಅಂಗಡಿಗಳ ಮೇಲೆ ಕೇಸು ಹಾಕಿದ್ದವು. ಅವರ ವಾದ ಜಾಣತನದ್ದು. ಜಪಾನಿನ ಕಾನೂನಿನಲ್ಲಿ ಸಿನಿಮಾಕ್ಕೆ ವಿಶೇಷ ಹಂಚಿಕೆಯ ಹಕ್ಕಿದೆ. ಗೇಮೂ ಒಂದು ಥರ ಸಿನಿಮಾ, ಆದ್ದರಿಂದ ನಮ್ಮನ್ನು ಕೇಳದೆ ಮರುಮಾರಾಟ ಮಾಡುವಂತಿಲ್ಲ ಅಂದರು. 2002ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. ಹೌದು, ಗೇಮೂ ಸಿನಿಮಾ ಇದ್ದ ಹಾಗೇ. ಆದರೆ ಗಿರಾಕಿಗೆ ಒಮ್ಮೆ ಮಾರಿದ ಮೇಲೆ ಆ ಹಕ್ಕು ಮುಗಿಯಿತು. ಮನೆ ಮನೆಗೆ ಮಾರಿದ ಡಿಸ್ಕಿಗೂ ಥಿಯೇಟರಿನ ರೀಲಿಗೂ ವ್ಯತ್ಯಾಸ ಇಲ್ವಾ ಅನ್ನುವ ಅರ್ಥದಲ್ಲಿ.

ತಮಾಷೆ ಏನು ಗೊತ್ತಾ? ಜಪಾನಿನಲ್ಲಿ ಗೇಮ್ ಬಾಡಿಗೆಗೆ ಕೊಡುವಂತಿಲ್ಲ. ಕೊಳ್ಳಬೇಕು, ಆಡಬೇಕು, ಮಾರಬೇಕು. ನನ್ನ ಸಹೋದ್ಯೋಗಿಯೊಬ್ಬರು ಹೊಸ ಗೇಮ್ ಬಂದ ದಿನವೇ ಕೊಳ್ಳುತ್ತಾರೆ, ಎರಡು ವಾರದಲ್ಲಿ ಮುಗಿಸಿ ಮಾರುತ್ತಾರೆ. ಮಾರಿದರೆ ಇಷ್ಟು ವಾಪಸ್ ಬರುತ್ತದೆ ಅಂತ ಗೊತ್ತಿರುವುದರಿಂದಲೇ ಪೂರ್ತಿ ಬೆಲೆ ಕೊಡಲು ಅವರಿಗೆ ಧೈರ್ಯ. ಅರ್ಧರಾತ್ರಿಯವರು ಹಾಕಿದ ಲೆಕ್ಕದಲ್ಲಿ ಇದು ಬಿಟ್ಟುಹೋಗಿದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವನ 900 ರೂಪಾಯಿ ಕಂಪನಿಗೆ ನೇರವಾಗಿ ಹೋಗುವುದಿಲ್ಲ, ಸರಿ. ಮೊದಲು ಕೊಂಡವನ ಜೇಬಿನ ಮೂಲಕ ಸುತ್ತಿ ಹೋಗುತ್ತದೆ.

ಕ್ಯಾಸೆಟ್ ಊದುವವ · ಮಂಗಳವಾರ ರಾತ್ರಿ 9.20

ಆಹಾ, ಇದು ಸಿಕ್ಕಿತು ನೋಡಿ! ನಮ್ಮ ಮೈಸೂರಿನಲ್ಲೂ ಹೀಗೇ ಇತ್ತು.

ತೊಂಬತ್ತರ ದಶಕ. ಟಿವಿಗೆ ಸಿಕ್ಕಿಸುವ ವಿಡಿಯೋ ಗೇಮ್. ಅದರ ಮೇಲೆ ಹಳದಿ ಬಣ್ಣದ ದಪ್ಪ ಕ್ಯಾಸೆಟ್. ಓಡದಿದ್ದರೆ ತೆಗೆದು ಬಾಯಿಂದ ಊದುವುದು. ದೇವರಾಜ ಅರಸು ರಸ್ತೆಯ ಪಕ್ಕದ ಒಂದು ಗಲ್ಲಿಯಲ್ಲಿ ಸಣ್ಣ ಅಂಗಡಿ. ಹಳೇ ಕ್ಯಾಸೆಟ್ ಕೊಟ್ಟು ಮೇಲೆ ಮೂವತ್ತು ರೂಪಾಯಿ ಇಟ್ಟರೆ ಬೇರೆ ಕ್ಯಾಸೆಟ್. ರಜೆ ಪೂರ್ತಿ ಒಂದೇ ಕ್ಯಾಸೆಟ್ ಇಡೀ ಬೀದಿ ಸುತ್ತುತ್ತಿತ್ತು. ಯಾರ ಮನೆಯಲ್ಲಿ ಕಾಂಟ್ರಾ ಗೇಮ್ ಇದೆ ಅಂತ ಎಲ್ಲರಿಗೂ ಗೊತ್ತು. ಒಬ್ಬನ ಹತ್ತಿರ ಇದ್ದರೆ ಇನ್ನೊಬ್ಬನ ಹತ್ತಿರ ಇಲ್ಲ, ಅಷ್ಟೇ. ನಮ್ಮ ಕಾಲದಲ್ಲಿ ಕದ್ದು ಆಡುವುದು ಅಂತಲೇ ಇರಲಿಲ್ಲ. ನಾಳೆ ಹುಡುಗನಿಗೆ ಇದನ್ನೇ ಹೇಳುತ್ತೇನೆ.

ಅರ್ಧರಾತ್ರಿ ಲೆವೆಲ್ · ರಾತ್ರಿ 9.27

ಅಣ್ಣಾ, ಬೇಜಾರು ಮಾಡಿಕೊಳ್ಳಬೇಡಿ. ಆ ಕ್ಯಾಸೆಟ್ ಮೇಲೆ "9999 ಇನ್ 1" ಅಂತ ಇತ್ತಾ?

ಕ್ಯಾಸೆಟ್ ಊದುವವ · ರಾತ್ರಿ 9.29

ಇತ್ತು. ಯಾಕೆ?

ಒಸಾಕಾ ಕನ್ನಡಿಗ · ರಾತ್ರಿ 9.41

ಅಯ್ಯೋ.

ನಾನೇ ಹೇಳಿಬಿಡುತ್ತೇನೆ. ನಾವೆಲ್ಲ ಆಡಿದ ಆ ಡಬ್ಬಿ ಬಹುಪಾಲು 1983ರ ನಿಂಟೆಂಡೋ ಫ್ಯಾಮಿಕಾಮ್‌ನ ನಕಲು. ಕ್ಯಾಸೆಟ್ಟೂ ನಕಲು. 9999 ಇನ್ 1 ಅನ್ನುವುದರಲ್ಲಿ ಇದ್ದದ್ದು ಬೆರಳೆಣಿಕೆಯ ಗೇಮ್‌ಗಳು, ಅವೇ ಬೇರೆ ಬೇರೆ ಹೆಸರಿನಲ್ಲಿ ತಿರುಗಿ ತಿರುಗಿ ಬರುತ್ತಿದ್ದವು. ಇಲ್ಲಿ ಅಂಗಡಿಯಲ್ಲಿ ಕಾಂಟ್ರಾದ ನಿಜವಾದ ಕ್ಯಾಸೆಟ್ ಮೊದಲ ಸಲ ಕೈಯಲ್ಲಿ ಹಿಡಿದಾಗ ನನಗೂ ಒಂಥರಾ ಆಯಿತು. ಅಷ್ಟು ವರ್ಷ ಆಡಿದ್ದು ಯಾವುದು ಹಾಗಾದರೆ ಅಂತ.

ಸುಮ್ನೆ ನೋಡ್ತಿದ್ದೆ · ರಾತ್ರಿ 9.44

ಅಂದರೆ ಮಾಮ ಸೆಕೆಂಡ್ ಹ್ಯಾಂಡ್ ಪೈರಸಿ ಮಾಡಿದ್ದಾರೆ. ಎರಡೂ ಒಟ್ಟಿಗೆ. ಚರ್ಚೆ ಮುಗಿಯಿತು.

ಕ್ಯಾಸೆಟ್ ಊದುವವ · ರಾತ್ರಿ 10.10

ಹತ್ತು ನಿಮಿಷ ಸುಮ್ಮನೆ ಕೂತಿದ್ದೆ. ಹುಡುಗನಿಗೆ ಮಾತ್ರ ಈ ಥ್ರೆಡ್ ತೋರಿಸುವುದಿಲ್ಲ.

ಪಾಲಿಗಾನ್ · ರಾತ್ರಿ 10.52

ಬೇಜಾರಾಗಬೇಡಿ. ಈ ಊರಿನ ಸ್ಟುಡಿಯೋಗಳಲ್ಲಿ ಕೆಲಸ ಮಾಡುವ ನಮ್ಮ ವಯಸ್ಸಿನವರು ಯಾರನ್ನೇ ಕೇಳಿ. ಎಲ್ಲರೂ ಆ ಹಳದಿ ಕ್ಯಾಸೆಟ್ ಊದಿದವರೇ, ಇಲ್ಲ ಸೈಬರ್ ಸೆಂಟರಿನಲ್ಲಿ ಗಂಟೆಗೆ ಇಪ್ಪತ್ತು ರೂಪಾಯಿ ಕೊಟ್ಟು ಕ್ರ್ಯಾಕ್ ಆದ ವೈಸ್ ಸಿಟಿ ಆಡಿದವರೇ. ನಾನೂ. ಆಗ ಬೇರೆ ದಾರಿ ಇರಲಿಲ್ಲ. ಒರಿಜಿನಲ್ ಎಲ್ಲಿ ಸಿಗುತ್ತದೆ ಅಂತಲೇ ಗೊತ್ತಿರಲಿಲ್ಲ.

ಈಗ ಆ ಮಾತು ಹೇಳಲು ಆಗುವುದಿಲ್ಲ ಅನ್ನುವುದೇ ನನ್ನ ತಕರಾರು. ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ 2015ರಿಂದ ರೂಪಾಯಿಯಲ್ಲೇ ಬೆಲೆ ಇದೆ. ಯುಪಿಐ ಇದೆ. ಅದನ್ನು ನಡೆಸುವ ಗೇಬ್ ನ್ಯೂವೆಲ್ ತುಂಬಾ ಹಿಂದೆಯೇ ಹೇಳಿದ್ದರು, ಪೈರಸಿ ಬೆಲೆಯ ಸಮಸ್ಯೆಗಿಂತ ಸೇವೆಯ ಸಮಸ್ಯೆ ಅಂತ. ಅರ್ಧರಾತ್ರಿಯವರೇ, 4,999ರ ಗೇಮ್ ಬಿಡಿ. ಸೇಲ್‌ನಲ್ಲಿ ಇನ್ನೂರು ರೂಪಾಯಿಗೆ ಬರುವ, ನಾಲ್ಕು ಜನ ಸೇರಿ ಮಾಡಿದ ಗೇಮನ್ನೂ ಕ್ರ್ಯಾಕ್ ಹಾಕಿಯೇ ಆಡುತ್ತೀರಾ?

ಅರ್ಧರಾತ್ರಿ ಲೆವೆಲ್ · ರಾತ್ರಿ 11.40

ಸುಳ್ಳು ಹೇಳುವುದಿಲ್ಲ. ಕೆಲವನ್ನು ಆಡಿದ್ದೇನೆ. ಅಭ್ಯಾಸ ಆಗಿಬಿಟ್ಟಿದೆ. ಈಗೀಗ ಸೇಲ್‌ನಲ್ಲಿ ಕೊಳ್ಳುತ್ತೇನೆ, ಲೈಬ್ರರಿಯಲ್ಲಿ ಹದಿನಾಲ್ಕು ಗೇಮ್ ಇವೆ.

ಆದರೆ ಆ ಹದಿನಾಲ್ಕನ್ನು ನಾನು ಮಾರಲು ಆಗುವುದಿಲ್ಲ. ಅದೇ ನನ್ನ ಸಿಟ್ಟು. ಮುಗಿಸಿದ ಗೇಮನ್ನು ರೂಮ್‌ಮೇಟ್‌ಗೆ ಇನ್ನೂರಕ್ಕೆ ಕೊಡುವಂತಿದ್ದರೆ ಇನ್ನೊಂದು ಕೊಳ್ಳುತ್ತಿದ್ದೆ. ಜಯನಗರದ ಹುಡುಗನಿಗೆ ಇರುವ ಹಕ್ಕು ನನಗೆ ಯಾಕಿಲ್ಲ? ನೀವೆಲ್ಲ ಸೆಕೆಂಡ್ ಹ್ಯಾಂಡ್ ಒಳ್ಳೆಯದು ಅಂತ ಹಾಡಿ ಹೊಗಳುತ್ತಿದ್ದೀರಿ. ಕಂಪನಿಗಳು ಅದನ್ನೇ ಮುಚ್ಚುತ್ತಿವೆಯಲ್ಲ.

ಕರಿಕೋಟು · ಬುಧವಾರ ಬೆಳಿಗ್ಗೆ 8.30

ಇದು ಸರಿಯಾದ ಪ್ರಶ್ನೆ. ಕೋರ್ಟುಗಳಲ್ಲೂ ಇದೇ ಜಗಳ. ಯುರೋಪಿನ ಅತಿ ದೊಡ್ಡ ಕೋರ್ಟ್ 2012ರಲ್ಲಿ ಒರಾಕಲ್ ಕೇಸಿನಲ್ಲಿ, ಡೌನ್‌ಲೋಡ್ ಮಾಡಿಕೊಂಡ ಸಾಫ್ಟ್‌ವೇರ್ ಲೈಸೆನ್ಸನ್ನೂ ಮರುಮಾರಾಟ ಮಾಡಬಹುದು ಅಂದಿತು. ಎಲ್ಲರೂ ಕುಣಿದರು. ಫ್ರಾನ್ಸಿನ ಗ್ರಾಹಕ ಸಂಘಟನೆಯೊಂದು ಸ್ಟೀಮ್ ನಡೆಸುವ ವಾಲ್ವ್ ಮೇಲೆ ಕೇಸು ಹಾಕಿ 2019ರಲ್ಲಿ ಪ್ಯಾರಿಸ್‌ನಲ್ಲಿ ಗೆದ್ದಿತು. ಮತ್ತೆ ಕುಣಿದರು. 2022ರಲ್ಲಿ ಮೇಲ್ಮನವಿಯಲ್ಲಿ ಅದು ಬಿದ್ದುಹೋಯಿತು. ಗೇಮ್ ಅಂದರೆ ಬರೀ ಸಾಫ್ಟ್‌ವೇರ್ ಅಲ್ಲ, ಅದರಲ್ಲಿ ಚಿತ್ರ, ಸಂಗೀತ, ಕಥೆ ಎಲ್ಲ ಇದೆ, ಅದಕ್ಕೆ ಬೇರೆ ನಿಯಮ ಅಂತ.

ಇನ್ನು ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಒಂದು ಕಾನೂನಿದೆ. "ಕೊಳ್ಳಿ" ಅಂತ ಗುಂಡಿ ಇಡುವ ಆನ್‌ಲೈನ್ ಅಂಗಡಿ, ನಿಮಗೆ ಸಿಗುವುದು ಬರೀ ಲೈಸೆನ್ಸ್ ಅಂತ ಸ್ಪಷ್ಟವಾಗಿ ಹೇಳಬೇಕು. ಮಾರುವುದಿಲ್ಲ ಅಂತ ಒಪ್ಪಿಕೊಂಡು ಮಾರುವುದು!

ನ್ಯಾಷನಲ್ ಮಾರ್ಕೆಟ್ ಹಳಬ · ಬುಧವಾರ ಬೆಳಿಗ್ಗೆ 9.05

ಡಿಸ್ಕನ್ನೂ ಬಿಟ್ಟಿರಲಿಲ್ಲ ಸಾರ್. 2010ರಲ್ಲಿ ಇಎ ಕಂಪನಿಯವರು ಆನ್‌ಲೈನ್ ಪಾಸ್ ಅಂತ ತಂದರು. ಹೊಸ ಡಿಸ್ಕಿನ ಡಬ್ಬಿಯಲ್ಲಿ ಒಂದೇ ಸಲ ನಡೆಯುವ ಕೋಡ್. ಸೆಕೆಂಡ್ ಹ್ಯಾಂಡ್ ಕೊಂಡವನು ಆನ್‌ಲೈನ್ ಆಡಬೇಕಾದರೆ ಮತ್ತೆ 10 ಡಾಲರ್ ಕೊಡಬೇಕು. ಅಮೆರಿಕದ ಗೇಮ್‌ಸ್ಟಾಪ್ ಅಂಗಡಿಗಳಲ್ಲಿ 60 ಡಾಲರಿನ ಹೊಸ ಗೇಮಿನ ಪಕ್ಕದಲ್ಲೇ 55 ಡಾಲರಿಗೆ ಹಳೇದನ್ನು ಇಟ್ಟು ಮಾರುತ್ತಿದ್ದರಲ್ಲ, ಆ ಹೊಟ್ಟೆಯುರಿ. ಮೂರೇ ವರ್ಷದಲ್ಲಿ ಕೈಬಿಟ್ಟರು.

ಆಮೇಲೆ 2013ರ ಮೇ ತಿಂಗಳಲ್ಲಿ ತನ್ನ ಹೊಸ ಗೇಮ್ ಯಂತ್ರ ಎಕ್ಸ್‌ಬಾಕ್ಸ್ ಒನ್ ತೋರಿಸಿದಾಗ ಮೈಕ್ರೋಸಾಫ್ಟ್ ಇನ್ನೂ ದೊಡ್ಡ ಎಡವಟ್ಟು ಮಾಡಿಕೊಂಡಿತು. ದಿನಕ್ಕೊಮ್ಮೆ ಇಂಟರ್ನೆಟ್‌ಗೆ ಮುಖ ತೋರಿಸಬೇಕು, ಡಿಸ್ಕ್ ಸ್ನೇಹಿತನಿಗೆ ಕೊಡಲು, ಮಾರಲು ನೂರೆಂಟು ಷರತ್ತು. ಜೂನ್‌ನಲ್ಲಿ ಸೋನಿಯವರು ಒಂದು ವಿಡಿಯೋ ಬಿಟ್ಟರು, "ಪಿಎಸ್4 ಗೇಮನ್ನು ಹಂಚಿಕೊಳ್ಳುವುದು ಹೇಗೆ" ಅಂತ. ಅದರಲ್ಲಿ ಒಬ್ಬ ಇನ್ನೊಬ್ಬನ ಕೈಗೆ ಡಿಸ್ಕ್ ಕೊಡುತ್ತಾನೆ. ಅಷ್ಟೇ ವಿಡಿಯೋ! ನಮ್ಮ ಅಂಗಡಿಯಲ್ಲಿ ಅದನ್ನು ಹತ್ತು ಸಲ ಹಾಕಿ ನಕ್ಕೆವು. ಜೂನ್ 19ಕ್ಕೆ ಮೈಕ್ರೋಸಾಫ್ಟ್ ಎಲ್ಲ ವಾಪಸ್ ತಗೊಂಡಿತು.

ಒಸಾಕಾ ಕನ್ನಡಿಗ · ಬೆಳಿಗ್ಗೆ 9.50

ಈಗ ಜಗಳ ಇಲ್ಲದೆಯೇ ಅದು ನಡೆಯುತ್ತಿದೆ. ಪಿಎಸ್5ನಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲದ ಮಾದರಿ ಇದೆ. ನಿಂಟೆಂಡೋದ ಸ್ವಿಚ್ 2 ಯಂತ್ರಕ್ಕೆ ಬರುವ ಕೆಲವು ಕಾರ್ಡ್‌ಗಳಲ್ಲಿ ಗೇಮೇ ಇಲ್ಲ, ಬರೀ ಕೀಲಿ ಇದೆ, ಗೇಮ್ ಇಳಿಸಿಕೊಳ್ಳಬೇಕು. ಅದನ್ನು ಮಾರಬಹುದು, ನಿಜ. ಆದರೆ ಸರ್ವರ್ ನಿಂತ ದಿನ ಅದು ಪ್ಲಾಸ್ಟಿಕ್ ತುಂಡು. ತನ್ನ ಹಳೇ ಯಂತ್ರಗಳಾದ ವೀ ಯು, 3ಡಿಎಸ್‌ಗಳ ಆನ್‌ಲೈನ್ ಅಂಗಡಿಗಳನ್ನು ನಿಂಟೆಂಡೋ 2023ರ ಮಾರ್ಚ್‌ನಲ್ಲಿ ಮುಚ್ಚಿದೆ. ಡಿಜಿಟಲ್‌ನಲ್ಲಿ ಮಾತ್ರ ಬಂದಿದ್ದ ಗೇಮ್‌ಗಳನ್ನು ಇನ್ನು ಮೇಲೆ ಹೊಸದಾಗಿ ಕೊಳ್ಳುವುದು ಹೇಗೆ? ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ಅದೇ ವರ್ಷ ಲೆಕ್ಕ ಹಾಕಿತು: ಅಮೆರಿಕದಲ್ಲಿ 2010ಕ್ಕಿಂತ ಮುಂಚೆ ಬಂದ ಗೇಮ್‌ಗಳಲ್ಲಿ ಶೇ. 87ರಷ್ಟು ಈಗ ಅಂಗಡಿಯಲ್ಲಿ ಸಿಗುವುದಿಲ್ಲ.

ಅಂಥವನ್ನು ಯಾರಾದರೂ ಇಳಿಸಿಕೊಂಡು ಆಡಿದರೆ ನಾನು ಕಳ್ಳ ಅನ್ನುವುದಿಲ್ಲ. ಕರಿಕೋಟಿನವರು ಅನ್ನಬಹುದು.

ಕರಿಕೋಟು · ಬೆಳಿಗ್ಗೆ 9.58

ಕೋಟು ಹಾಕಿಕೊಂಡಾಗ ಅನ್ನುತ್ತೇನೆ.

ಅರ್ಧರಾತ್ರಿ ಲೆವೆಲ್ · ಬೆಳಿಗ್ಗೆ 11.12

ಯೂಬಿಸಾಫ್ಟ್‌ನ ದಿ ಕ್ರೂ ಸೇರಿಸಿ. 2014ರ ಗೇಮ್. 2024ರ ಮಾರ್ಚ್ 31ಕ್ಕೆ ಸರ್ವರ್ ಬಂದ್. ಒಬ್ಬನೇ ಆಡಿದರೂ ಸರ್ವರ್ ಬೇಕಿತ್ತು, ಹಾಗಾಗಿ ಡಿಸ್ಕ್ ಇದ್ದವರಿಗೂ ಇಲ್ಲ. ಅದರಿಂದಲೇ "ಸ್ಟಾಪ್ ಕಿಲ್ಲಿಂಗ್ ಗೇಮ್ಸ್" ಚಳವಳಿ ಹುಟ್ಟಿ, ಯುರೋಪಿನಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಸಹಿ ಬಿದ್ದವು. ಅವರು ಕೊಟ್ಟ ಮಾಲನ್ನು ಅವರೇ ಕಿತ್ತುಕೊಂಡರೆ ಅದಕ್ಕೆ ಏನು ಹೆಸರು? ನನ್ನನ್ನು ಮಾತ್ರ ಕಳ್ಳ ಅಂತೀರಿ.

ಪಾಲಿಗಾನ್ · ಬುಧವಾರ ಮಧ್ಯಾಹ್ನ 1.40

ಕಿತ್ತುಕೊಳ್ಳುವುದು ಅಂತಲೇ ಅನ್ನುತ್ತೇನೆ. ಆ ಗೇಮನ್ನು ಯಾರಾದರೂ ಮತ್ತೆ ಓಡುವಂತೆ ಮಾಡಿದರೆ ಚಪ್ಪಾಳೆ ಹೊಡೆಯುತ್ತೇನೆ. ಆದರೆ ಕಂಪನಿಯ ತಪ್ಪನ್ನು ತೋರಿಸಿ ಮೊನ್ನೆ ಬಂದ, ಯಾರೂ ಕಿತ್ತುಕೊಳ್ಳದ ಗೇಮನ್ನು ಇಳಿಸಿಕೊಳ್ಳುವುದು ಇದೆಯಲ್ಲ, ಅದು ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದ ಹಾಗೆ. ಬರೆ ಬೀಳುವುದು ಚಿಕ್ಕ ತಂಡಗಳಿಗೆ.

ಹೊಸ ಸದಸ್ಯ 41 · ಬುಧವಾರ ಮಧ್ಯಾಹ್ನ 3.00

ಇದೆಲ್ಲ ಯಾಕೆ? ಕಡಿಮೆ ಬೆಲೆಗೆ ಕೀ, ಅಂದರೆ ಗೇಮ್ ತೆರೆಯುವ ಕೋಡ್, ಮಾರುವ ಸೈಟ್‌ಗಳಿವೆ. ಅರ್ಧ ಬೆಲೆ. ಪೈರಸಿಯೂ ಅಲ್ಲ, ಡಿಸ್ಕೂ ಬೇಡ. ಲಿಂಕ್ ಹಾಕಲಾ?

ಮಾಡರೇಟರ್ · ಮಧ್ಯಾಹ್ನ 3.04

ಬೇಡ. ಯಾವ ಲಿಂಕೂ ಬೇಡ, ಕ್ರ್ಯಾಕ್‌ನದ್ದಂತೂ ಬೇಡವೇ ಬೇಡ.

ಪಾಲಿಗಾನ್ · ಮಧ್ಯಾಹ್ನ 3.30

ಇದು ಮೂರನೇ ಥರ, ಮೂರರಲ್ಲಿ ನನಗೆ ಅತಿ ಸಿಟ್ಟು ಬರುವುದು ಇದಕ್ಕೇ. ಎಲ್ಲ ಕೀಗಳೂ ಕದ್ದವಲ್ಲ. ಆದರೆ ಕೆಲವು ಕದ್ದ ಕ್ರೆಡಿಟ್ ಕಾರ್ಡಿನಿಂದ ಕೊಂಡವು. ಕಾರ್ಡಿನ ಮಾಲೀಕ ದೂರು ಕೊಟ್ಟಾಗ ಬ್ಯಾಂಕು ದುಡ್ಡು ವಾಪಸ್ ಕೇಳುತ್ತದೆ, ಅದರ ಮೇಲೆ ದಂಡವೂ ಬೀಳುತ್ತದೆ, ಗೇಮ್ ಮಾಡಿದವರಿಗೆ. ಅಂದರೆ ಅವರಿಗೆ ಸಿಗುವುದು ಸೊನ್ನೆಯಲ್ಲ, ಸೊನ್ನೆಗಿಂತ ಕೆಳಗೆ. ಫ್ಯಾಕ್ಟೋರಿಯೋ ಗೇಮ್ ಮಾಡಿದ ವೂಬ್ ಸಾಫ್ಟ್‌ವೇರ್‌ನವರು ಬೆನ್ನುಹತ್ತಿ ಹೋದರು. ಕೊನೆಗೆ 2020ರಲ್ಲಿ ಇಂಥ ಕೀ ಮಾರುವ ಜಿ2ಎ ಸೈಟಿನವರು ತಮ್ಮಲ್ಲಿ 198 ಕದ್ದ ಕೀಗಳು ಮಾರಾಟವಾಗಿದ್ದು ಹೌದು ಅಂತ ಒಪ್ಪಿ ಸುಮಾರು 40 ಸಾವಿರ ಡಾಲರ್ ಕಟ್ಟಿಕೊಟ್ಟರು. ಅದಕ್ಕೂ ಒಂದು ವರ್ಷ ಮುಂಚೆ ಕೆಲವು ಚಿಕ್ಕ ಪ್ರಕಾಶಕರು ಬಹಿರಂಗವಾಗಿಯೇ ಕೇಳಿಕೊಂಡಿದ್ದರು: ಅಲ್ಲಿ ಕೊಳ್ಳುವುದಕ್ಕಿಂತ ನಮ್ಮ ಗೇಮನ್ನು ಪೈರೇಟ್ ಮಾಡಿ, ಪರವಾಗಿಲ್ಲ ಅಂತ.

ಹಾಗಾಗಿ "ಮಾಡಿದವರಿಗೆ ಎಷ್ಟು ಹೋಯ್ತು" ಅನ್ನುವ ಒಂದೇ ಅಳತೆ ಹಿಡಿದರೆ ಲೆಕ್ಕ ತಪ್ಪುತ್ತದೆ. ಅಕ್ಕನ ಮಗನ ಪ್ರಶ್ನೆ ಚುರುಕಾಗಿದೆ, ಆದರೆ ಅವನ ತಕ್ಕಡಿಗೆ ಒಂದೇ ತಟ್ಟೆ.

ಕ್ಯಾಸೆಟ್ ಊದುವವ · ಗುರುವಾರ ರಾತ್ರಿ 10.05

ಇವತ್ತು ಅಕ್ಕನ ಮಗ ಮನೆಗೆ ಬಂದಿದ್ದ. ಮೈಸೂರಿನ ಕ್ಯಾಸೆಟ್ ವಿಷಯ ನಾನೇ ಹೇಳಿಬಿಟ್ಟೆ. ಇನ್ನು ಮುಚ್ಚಿಟ್ಟು ಏನು ಪ್ರಯೋಜನ. ಅವನಿಗೆ ಎಷ್ಟು ಖುಷಿಯಾಯಿತು ಅಂದರೆ ಅರ್ಧ ಗಂಟೆ ಅದೇ ಮಾತು. 1908ರ ಪುಸ್ತಕದ ಕೇಸು ಹೇಳಿದೆ, ಅಷ್ಟೊಂದು ಕಿವಿಗೊಡಲಿಲ್ಲ. ಜಪಾನಿನವರ ಕಥೆಗೆ ಸ್ವಲ್ಪ ತಲೆಯಾಡಿಸಿದ.

ಆಮೇಲೆ ಮಾತಿನ ಮಧ್ಯೆ ಬೇರೆ ಏನೋ ನೆನಪಾಗಿ ಹೇಳಿದೆ. ಈ ಡಿಸ್ಕನ್ನು ನಾನು ತಗೊಳ್ಳಬೇಕಾಗಿದ್ದದ್ದು ಭಾನುವಾರ ಅಲ್ಲ, ಶುಕ್ರವಾರ. ದುಡ್ಡು ಕಳಿಸಲು ಫೋನ್ ಮಾಡಿದರೆ ಜಯನಗರದ ಹುಡುಗ, "ಅಣ್ಣಾ, ಇನ್ನೆರಡು ದಿನ ಕೊಡ್ತೀರಾ? ಕೊನೇ ಬಾಸ್, ಆ ದೊಡ್ಡ ವಿಲನ್‌ನ ಸೋಲಿಸೋದು ಬಾಕಿ ಇದೆ, ಡಿಸ್ಕ್ ಕೊಟ್ಟ ಮೇಲೆ ಆಡಕ್ಕಾಗಲ್ಲ" ಅಂದ. ಸರಿ ಅಂದೆ. ಭಾನುವಾರ ಹೋದಾಗ ಮುಖ ಬಾಡಿತ್ತು. "ಸೋಲಿಸಿದ್ಯಾ?" ಅಂತ ಕೇಳಿದೆ. "ಇಲ್ಲ ಅಣ್ಣಾ, ಹೋಗ್ಲಿ ಬಿಡಿ" ಅಂತ ಡಬ್ಬಿ ಕೈಗಿಟ್ಟ. ಬೇರೆ ಯಾವುದೋ ಹೊಸ ಗೇಮಿಗೆ ದುಡ್ಡು ಕೂಡಿಸುತ್ತಿದ್ದಾನಂತೆ, 900 ಅದಕ್ಕೆ.

ನಮ್ಮ ಹುಡುಗ ಇದನ್ನು ಕೇಳಿ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಎರಡು ದಿನ ಅಲ್ಲ, ಒಂದು ವಾರ ಕೊಡಬೇಕಿತ್ತು ಮಾಮ. ಆ ಬಾಸ್ ಕಷ್ಟ" ಅಂದ.

ಅರ್ಧರಾತ್ರಿ ಲೆವೆಲ್ · ರಾತ್ರಿ 10.20

ಯಾವ ಗೇಮ್ ಅಂತ ಈಗ ಗೊತ್ತಾಯಿತು. ನನಗೆ ಹನ್ನೊಂದು ದಿನ ಹಿಡಿಯಿತು. ನನ್ನ ಪ್ರತಿಯನ್ನು ಯಾರೂ ಕೇಳಲಿಲ್ಲ ಬಿಡಿ.

ಸುಮ್ನೆ ನೋಡ್ತಿದ್ದೆ · ರಾತ್ರಿ 10.22

ಮಾಮ, ನೀವು ಮುಗಿಸಿದ ಮೇಲೆ ಮಾರ್ತೀರಾ? ನಾನು ಬಸವನಗುಡಿ. 700.

ಕ್ಯಾಸೆಟ್ ಊದುವವ · ರಾತ್ರಿ 10.31

800. ಆದರೆ ಇನ್ನೂ ಬಾಸ್ ಹತ್ತಿರ ಬಂದಿಲ್ಲ, ಕಾಯಬೇಕಾಗುತ್ತದೆ.